ಬಾಗಿಲು ಮುಚ್ಚುವ ಅಧಿಕಾರ

ಕಂಪ್ಯೂಟರ್ ಆನ್ ಮಾಡಿ, ಏನನ್ನೂ ತೆರೆಯದೆ ಹಾಗೆಯೇ ಬಿಟ್ಟರೂ ಅದು ಸುಮ್ಮನಿರುವುದಿಲ್ಲ. ಪರದೆಯ ಮೇಲೆ ಕಾಣಿಸದ ಹತ್ತಾರು ಪ್ರೋಗ್ರಾಮುಗಳು ಒಳಗೆ ಓಡುತ್ತಿರುತ್ತವೆ. ಒಂದು ಗಡಿಯಾರ ಸರಿಪಡಿಸುತ್ತದೆ, ಇನ್ನೊಂದು ಹೊಸ ಅಪ್‌ಡೇಟ್ ಬಂದಿದೆಯೇ ಎಂದು ವಿಚಾರಿಸುತ್ತದೆ, ಮತ್ತೊಂದು ಯಾವ ಪ್ರೋಗ್ರಾಮು ಎಷ್ಟು ಹೊತ್ತು ಬಳಕೆಯಲ್ಲಿತ್ತು, ಎಲ್ಲಿ ಕುಸಿಯಿತು ಎಂಬ ವರದಿಯನ್ನು ಕಂಪನಿಯ ಸರ್ವರ್‌ಗೆ ಒಪ್ಪಿಸುತ್ತದೆ. ಇವುಗಳಲ್ಲಿ ಬೇಡದವನ್ನು ಹುಡುಕಿ ನಿಲ್ಲಿಸುವುದು ಕಂಪ್ಯೂಟರ್ ಬಲ್ಲವರಲ್ಲಿ ಮೂರು ದಶಕಗಳಿಗೂ ಹಳೆಯ ರೂಢಿ. ಅದನ್ನು ಗೀಳು ಎಂದೋ, ಅತಿಯಾದ ಅನುಮಾನ ಎಂದೋ ತಳ್ಳಿಹಾಕುವವರಿದ್ದಾರೆ. ಆದರೆ ಈ ರೂಢಿಯ ಚರಿತ್ರೆಯನ್ನು ನೋಡಿದರೆ ಒಂದು ವಿಚಿತ್ರ ತಿರುವು ಕಣ್ಣಿಗೆ ಬೀಳುತ್ತದೆ. ಹೀಗೆ ಹಿನ್ನೆಲೆಯಲ್ಲಿ ಓಡುವ ಸರ್ವಿಸ್‌ಗಳಲ್ಲಿ ಬೇಡದವನ್ನು ಮುಚ್ಚುವುದು ಒಂದು ಕಾಲಕ್ಕೆ ಭದ್ರತೆಯ ಮೊದಲ ಪಾಠವಾಗಿತ್ತು; ಇಂದು ಅದೇ ಕೆಲಸವನ್ನು ಭದ್ರತೆಯ ಹೆಸರಿನಲ್ಲೇ ತಡೆಯಲಾಗುತ್ತಿದೆ. ಈ ತಿರುವು ತಾನಾಗಿ ಬಂದದ್ದಲ್ಲ. ದೋಷ ತಿದ್ದುವ ಅಪ್‌ಡೇಟ್ ಎಂಬ ನಿಜವಾದ ಅಗತ್ಯದ ಜೊತೆಗೆ ಕಂಪನಿಗಳು ತಮಗೆ ಬೇಕಾದ ಬೇರೆ ಸಂಚಾರವನ್ನೂ ಸೇರಿಸಿ ಒಂದೇ ಗಂಟು ಕಟ್ಟಿದವು. ಆ ಗಂಟು ಬಳಸುವವರ ಅಧಿಕಾರವನ್ನು ಕಿತ್ತುಕೊಂಡಿತು, ಕೊನೆಗೆ ಭದ್ರತೆಯನ್ನೂ ಕೆಡಿಸಿತು ಎಂಬುದು ನನ್ನ ವಾದ.

ಮೊದಲ ಪಾಠ ಬಂದದ್ದು 1988ರ ನವೆಂಬರ್ 2ರಂದು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ರಾಬರ್ಟ್ ಟ್ಯಾಪನ್ ಮಾರಿಸ್ ಬಿಟ್ಟ ಒಂದು ಪ್ರೋಗ್ರಾಮು ಆಗಿನ ಪುಟ್ಟ ಅಂತರ್ಜಾಲದಲ್ಲಿ ಯಂತ್ರದಿಂದ ಯಂತ್ರಕ್ಕೆ ತಾನೇ ಹರಡಿಕೊಂಡಿತು. ಆಗ ಜೋಡಣೆಯಲ್ಲಿದ್ದ ಸುಮಾರು 60,000 ಕಂಪ್ಯೂಟರುಗಳಲ್ಲಿ 6,000ದಷ್ಟು ಸಿಕ್ಕಿಬಿದ್ದವು ಎಂಬುದು ಅಂದಿನ ಅಂದಾಜು. ಅದು ಒಳಹೊಕ್ಕ ದಾರಿಗಳನ್ನು ಗಮನಿಸಬೇಕು. ಒಂದು, ಯಾರು ಲಾಗಿನ್ ಆಗಿದ್ದಾರೆ ಎಂದು ಹೊರಗಿನವರಿಗೆ ತಿಳಿಸಲು ಸದಾ ಕಾದು ಕೂತಿರುತ್ತಿದ್ದ ಫಿಂಗರ್ ಎಂಬ ಸರ್ವಿಸ್. ಇನ್ನೊಂದು, ಅಂಚೆ ಸಾಗಿಸುವ ಸೆಂಡ್‌ಮೇಲ್. ಅದರಲ್ಲಿ ತಯಾರಕರು ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಡೀಬಗ್ ಸೌಲಭ್ಯ ಊರೂರಿನ ಯಂತ್ರಗಳಲ್ಲಿ ತೆರೆದೇ ಉಳಿದಿತ್ತು. ಯಜಮಾನರಲ್ಲಿ ಹೆಚ್ಚಿನವರು ಇವೆರಡನ್ನೂ ಬೇಕೆಂದು ಆರಿಸಿಕೊಂಡವರಲ್ಲ. ಯಂತ್ರದ ಜೊತೆ ಬಂದದ್ದು ಹಾಗೆಯೇ ಓಡುತ್ತಿತ್ತು, ಅಷ್ಟೆ. ಈ ಘಟನೆಯ ಬೆನ್ನಿಗೆ ಅಮೆರಿಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ತುರ್ತು ಸ್ಪಂದನಾ ಕೇಂದ್ರವೊಂದು ಹುಟ್ಟಿತು. ಯುನಿಕ್ಸ್ ನಿರ್ವಾಹಕರು ಹೊಸ ಯಂತ್ರ ಬಂದೊಡನೆ ಸರ್ವಿಸ್‌ಗಳ ಪಟ್ಟಿಯಿರುವ ಕಡತ ತೆರೆದು, ಬೇಡದ ಸಾಲುಗಳ ಮುಂದೆ ಹ್ಯಾಶ್ ಗುರುತು ಹಾಕಿ ಅವನ್ನು ನಿಷ್ಕ್ರಿಯಗೊಳಿಸುವುದನ್ನು ಕಸುಬಿನ ಶಿಸ್ತಾಗಿ ಮಾಡಿಕೊಂಡರು. 1995ರಲ್ಲಿ ಥಿಯೋ ಡಿ ರಾಟ್ ಕಟ್ಟಲು ತೊಡಗಿದ ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆ ಈ ಶಿಸ್ತನ್ನು ತಯಾರಿಕೆಯ ಹಂತಕ್ಕೇ ಒಯ್ದಿತು. ಅಲ್ಲಿ ಎಲ್ಲವೂ ಮುಚ್ಚಿಯೇ ಬರುತ್ತದೆ. ಬೇಕಾದವನು ತಾನೇ ತೆರೆದುಕೊಳ್ಳಬೇಕು.

ಮನೆಯ ಕಂಪ್ಯೂಟರುಗಳ ಲೋಕ ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನಲ್ಲಿ ಹೋಯಿತು. ಎಲ್ಲವೂ ತೆರೆದಿದ್ದರೆ ಗ್ರಾಹಕನಿಗೆ ತೊಂದರೆಯಾಗದು ಎಂಬುದು ಅಲ್ಲಿನ ಲೆಕ್ಕಾಚಾರ. 2001ರ ಜುಲೈಯಲ್ಲಿ ಕೋಡ್ ರೆಡ್ ಎಂಬ, ತಾನೇ ಹರಡುವ ವರ್ಮ್ ಹದಿನಾಲ್ಕು ಗಂಟೆಯೊಳಗೆ 3,59,000 ಯಂತ್ರಗಳಿಗೆ ತಗುಲಿದಾಗ, ತಮ್ಮ ಕಂಪ್ಯೂಟರಿನಲ್ಲಿ ವೆಬ್ ಸರ್ವರ್ ಓಡುತ್ತಿದೆ ಎಂಬುದೇ ಅನೇಕ ಯಜಮಾನರಿಗೆ ಗೊತ್ತಿರಲಿಲ್ಲ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಮನೆಯ ಉಪಕರಣಗಳನ್ನು ತಾನಾಗಿ ಗುರುತಿಸಲೆಂದು ಇಟ್ಟಿದ್ದ ಸರ್ವಿಸ್ ಒಂದರಲ್ಲಿ ಗಂಭೀರ ದೋಷ ಸಿಕ್ಕಿತು. ಆಗ ಎಫ್‌ಬಿಐನ ಅಡಿಯಲ್ಲಿದ್ದ ಮೂಲಸೌಕರ್ಯ ರಕ್ಷಣಾ ಘಟಕ ಮೊದಲು ಕೊಟ್ಟ ಸಲಹೆ, ದೋಷ ತಿದ್ದುವ ಪ್ಯಾಚ್ ಹಾಕುವುದರ ಜೊತೆಗೆ ಆ ಸರ್ವಿಸನ್ನೇ ನಿಲ್ಲಿಸಿ ಎಂಬುದು. ಕಚೇರಿಯ ನೆಟ್‌ವರ್ಕಿನಲ್ಲಿ ನಿರ್ವಾಹಕರು ಸೂಚನೆ ಕಳಿಸಲೆಂದು ಇದ್ದ ಮೆಸೆಂಜರ್ ಸರ್ವಿಸ್ ಮನೆಯ ಯಂತ್ರಗಳಲ್ಲೂ ಓಡುತ್ತಿದ್ದುದರಿಂದ, 2002ರ ಹೊತ್ತಿಗೆ ಜಾಹೀರಾತುದಾರರು ಅದರ ಮೂಲಕ ಜನರ ಪರದೆಗಳ ಮೇಲೆ ನೇರವಾಗಿ ಸಂದೇಶ ಎಸೆಯತೊಡಗಿದರು. ಸ್ಟಾರ್ಟ್, ರನ್, ಸರ್ವಿಸಸ್ ಪಟ್ಟಿ, ಅಲ್ಲಿ ‘ಆಟೋಮ್ಯಾಟಿಕ್’ ಎಂದಿದ್ದುದನ್ನು ‘ಡಿಸೇಬಲ್ಡ್’ ಮಾಡುವುದು: ಒಂದು ಪೀಳಿಗೆ ಕಂಪ್ಯೂಟರಿನ ಒಳಗನ್ನು ಕಲಿತದ್ದೇ ಹೀಗೆ. 2004ರ ಆಗಸ್ಟ್‌ನಲ್ಲಿ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಬಂದಾಗ ಮೈಕ್ರೋಸಾಫ್ಟ್ ತಾನೇ ಮೆಸೆಂಜರನ್ನು ನಿಲ್ಲಿಸಿ, ಫೈರ್‌ವಾಲನ್ನು ಮೊದಲಿನಿಂದಲೇ ಆನ್ ಮಾಡಿ ಕೊಟ್ಟಿತು. ಬಳಸುವವರು ವರ್ಷಗಟ್ಟಲೆ ಕೈಯಿಂದ ಮಾಡುತ್ತಿದ್ದುದು ಸರಿಯೆಂದು ತಯಾರಕರೇ ಒಪ್ಪಿದ ಹಾಗಾಯಿತು.

ಭಾರತದಲ್ಲಿ ಈ ರೂಢಿಗೆ ಇನ್ನೊಂದು ಬೇರಿತ್ತು, ಅದು ದುಡ್ಡಿನದು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಅಂತರ್ಜಾಲ ತೆರೆದ ಮೇಲೆ ಸುಮಾರು ಒಂದು ದಶಕ ನಮ್ಮಲ್ಲಿ ಸಂಪರ್ಕವೆಂದರೆ ಡಯಲಪ್. ಗಂಟೆಗಳ ಲೆಕ್ಕದ ಪ್ಯಾಕ್ ಒಂದು ಕಡೆ, ಅದರ ಮೇಲೆ ಫೋನಿನ ಬಿಲ್ಲು. ಹಿನ್ನೆಲೆಯಲ್ಲಿರುವ ಪ್ರೋಗ್ರಾಮು ಯಾವುದೋ ಸರ್ವರನ್ನು ಹುಡುಕಿದರೆ ಡಯಲಪ್ ಪೆಟ್ಟಿಗೆ ತಾನಾಗಿ ಎದ್ದು ನಿಲ್ಲುತ್ತಿತ್ತು. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇಯ ಮೊದಲ ಅಂಗಡಿ ತೆರೆದದ್ದು ಸೈಬರ್ ಕೆಫೆಯಾಗಿ. ಆ ಕಾಲದ ಸೈಬರ್ ಕೆಫೆಗಳಲ್ಲಿ ಹತ್ತಾರು ಯಂತ್ರಗಳು ಒಂದೇ ತೆಳು ಸಂಪರ್ಕವನ್ನು ಹಂಚಿಕೊಳ್ಳುತ್ತಿದ್ದವು. 2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ವೇಗಕ್ಕೇ ಬ್ರಾಡ್‌ಬ್ಯಾಂಡ್ ಎಂಬ ಹೆಸರು ಕೊಟ್ಟಿತು. 2005ರಲ್ಲಿ ಬಿಎಸ್‌ಎನ್‌ಎಲ್ ತಂದ ಡೇಟಾಒನ್ ಸೇವೆಯ 250 ರೂಪಾಯಿಯ ಮನೆ ಯೋಜನೆಯಲ್ಲಿ ತಿಂಗಳಿಗೆ ಸಿಗುತ್ತಿದ್ದುದು 400 ಎಂಬಿ. ಮಿತಿ ದಾಟಿದರೆ ಪ್ರತಿ ಎಂಬಿಗೂ ದರ. ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್‌ನ ಪೂರ್ಣ ಕಡತವೊಂದೇ 260 ಎಂಬಿಗಿಂತ ದೊಡ್ಡದಿತ್ತು ಎಂದರೆ ಸಂಕಟ ಅರ್ಥವಾದೀತು. ಆಮೇಲೆ ಬಂದ ಯೋಜನೆಗಳಲ್ಲಿ ರಾತ್ರಿ ಎರಡರಿಂದ ಬೆಳಗ್ಗೆ ಎಂಟರ ತನಕ ಮಿತಿಯಿಲ್ಲದ ಬಳಕೆ ಸಿಕ್ಕಿದಾಗ ಜನ ಡೌನ್‌ಲೋಡುಗಳನ್ನೆಲ್ಲ ಆ ಹೊತ್ತಿಗೆ ತಳ್ಳಿದರು. ‘ಡಿಜಿಟ್’ನಂಥ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿ.ಡಿ.ಗಳಿಂದ ಪ್ಯಾಚ್ ಹಾಕಿಕೊಂಡ ಮನೆಗಳೂ ಇದ್ದವು. ಇಂಥಲ್ಲಿ ಹಗಲು ಹೊತ್ತು ಕೇಳದೆ ಕೆಳಗಿಳಿಯುವ ಯಾವುದನ್ನೇ ಆದರೂ ನಿಲ್ಲಿಸುವುದು ಮನೆವಾರ್ತೆಯ ಕೆಲಸವಾಗಿತ್ತು. ಅದನ್ನು ಅನುಮಾನದ ಕಾಯಿಲೆ ಎನ್ನಲು ಬರುವುದಿಲ್ಲ.

ಇನ್ನು ಎದುರು ವಾದದ ಅತ್ಯಂತ ಬಲವಾದ ಸಾಕ್ಷ್ಯಕ್ಕೆ ಬರೋಣ. 2003ರ ಜನವರಿ 25ರಂದು ಕೇವಲ 376 ಬೈಟುಗಳ ಸ್ಲ್ಯಾಮರ್ ಎಂಬ ವರ್ಮ್ ಹತ್ತು ನಿಮಿಷಗಳಲ್ಲಿ ಜಗತ್ತನ್ನು ಸುತ್ತಿತು. ಅದು ನುಗ್ಗಿದ ದೋಷಕ್ಕೆ ಆರು ತಿಂಗಳ ಹಿಂದೆಯೇ ಪ್ಯಾಚ್ ಬಂದಿತ್ತು. ಅದೇ ವರ್ಷದ ಆಗಸ್ಟ್ 11ರಂದು ಹೊರಬಿದ್ದ ಬ್ಲಾಸ್ಟರ್ ಲಕ್ಷಾಂತರ ಮನೆಯ ಕಂಪ್ಯೂಟರುಗಳನ್ನು ಪದೇ ಪದೇ ಆಫ್ ಮಾಡಿಸಿತು. ಅದಕ್ಕೂ ಜುಲೈ 16ರಂದೇ ಪ್ಯಾಚ್ ಸಿದ್ಧವಿತ್ತು. ಇಪ್ಪತ್ತಾರು ದಿನಗಳ ಅವಧಿಯಲ್ಲಿ ಜನ ತಾವಾಗಿ ಪ್ಯಾಚ್ ಹಾಕಿಕೊಳ್ಳಲಿಲ್ಲ. ಬ್ಲಾಸ್ಟರ್ ಬಳಸಿಕೊಂಡ ಸರ್ವಿಸ್ ವಿಂಡೋಸ್‌ನ ಒಳಗಿನ ಎಷ್ಟೋ ಕೆಲಸಗಳಿಗೆ ಆಧಾರ; ಅದನ್ನು ಡಿಸೇಬಲ್ ಮಾಡಿದರೆ ಯಂತ್ರವೇ ನಡೆಯದು. ಬೇಡದ್ದನ್ನು ಮುಚ್ಚುವ ಹಳೆಯ ಔಷಧ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಇಷ್ಟು ಮಾತ್ರವಲ್ಲ, ಪ್ಯಾಚ್ ಹಾಕದ ಒಂದು ಯಂತ್ರ ತನ್ನ ಯಜಮಾನನನ್ನಷ್ಟೇ ಕಾಡುವುದಿಲ್ಲ. ಊರಿನ ಕೆರೆಗೆ ಒಂದು ಮನೆಯವರು ಕೊಳಕು ಹರಿಸಿದರೆ ಎಲ್ಲರ ಕೊಡಕ್ಕೂ ಅದೇ ನೀರು ಬರುವಂತೆ, ಅಲ್ಲಿಂದ ಹೊರಟ ಸೋಂಕು ಗುರುತು ಪರಿಚಯವಿಲ್ಲದವರನ್ನೂ ಮುಟ್ಟುತ್ತದೆ. ಆದ್ದರಿಂದ ಅಪ್‌ಡೇಟ್ ತಾನಾಗಿ ಬರಬೇಕು, ಅದಕ್ಕೊಂದು ಹಿನ್ನೆಲೆ ಪ್ರಕ್ರಿಯೆ ಸದಾ ಎಚ್ಚರವಿರಬೇಕು ಎಂಬ ತೀರ್ಮಾನಕ್ಕೆ ಮೈಕ್ರೋಸಾಫ್ಟ್ ಬಂದದ್ದು ನ್ಯಾಯವೇ ಆಗಿತ್ತು. ನನ್ನ ತಕರಾರು ಆ ತೀರ್ಮಾನದ ಬಗ್ಗೆ ಅಲ್ಲ. ಆ ತೀರ್ಮಾನದಿಂದ ಸಿಕ್ಕ ನಂಬಿಕೆಯನ್ನು ಆಮೇಲೆ ಯಾವುದಕ್ಕೆಲ್ಲ ಖರ್ಚು ಮಾಡಲಾಯಿತು ಎಂಬುದರ ಬಗ್ಗೆ.

ಕೇಳಿ ಪಡೆಯುವ ಪದ್ಧತಿ ಅಸಾಧ್ಯವಾಗಿರಲಿಲ್ಲ ಎಂಬುದಕ್ಕೆ ಅದೇ ಎಕ್ಸ್‌ಪಿ ಸಾಕ್ಷಿ. ಒಂದು ಪ್ರೋಗ್ರಾಮು ಕುಸಿದರೆ ಎಕ್ಸ್‌ಪಿ ಒಂದು ಪೆಟ್ಟಿಗೆ ತೋರಿಸಿ, ವರದಿ ಕಳಿಸಲೋ ಬೇಡವೋ ಎಂದು ಪ್ರತಿ ಸಲವೂ ಕೇಳುತ್ತಿತ್ತು. ಹಾಗೆ ಜನ ಒಪ್ಪಿ ಕಳಿಸಿದ ವರದಿಗಳಿಂದಲೇ ಮೈಕ್ರೋಸಾಫ್ಟ್‌ಗೆ ದೊಡ್ಡ ಲಾಭವಾಯಿತು. ಶೇಕಡ 20ರಷ್ಟು ದೋಷಗಳು ಶೇಕಡ 80ರಷ್ಟು ತೊಂದರೆಗೆ ಕಾರಣ ಎಂದು ಕಂಪನಿಯ ಆಗಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ 2002ರಲ್ಲಿ ಗ್ರಾಹಕರಿಗೆ ಬರೆದದ್ದು ಈ ವರದಿಗಳ ಆಧಾರದ ಮೇಲೆ. ಕೇಳದೆ ಪಡೆದರೆ ಏನಾಗುತ್ತದೆ ಎಂಬುದೂ ಆ ಹೊತ್ತಿಗೆ ಗೊತ್ತಿತ್ತು. 1999ರಲ್ಲಿ ಭದ್ರತಾ ತಜ್ಞ ರಿಚರ್ಡ್ ಸ್ಮಿತ್, ರಿಯಲ್‌ಜೂಕ್‌ಬಾಕ್ಸ್ ಎಂಬ ಸಂಗೀತದ ಪ್ರೋಗ್ರಾಮು ಕೇಳುಗರು ಏನು ಕೇಳುತ್ತಾರೆ ಎಂಬುದನ್ನು ಪ್ರತಿಯೊಬ್ಬರ ಗುರುತಿನ ಸಂಖ್ಯೆಯೊಂದಿಗೆ ತಯಾರಕರಿಗೆ ಕಳಿಸುತ್ತಿದೆ ಎಂದು ಬಯಲಿಗೆಳೆದಾಗ ರಿಯಲ್‌ನೆಟ್‌ವರ್ಕ್ಸ್ ಕ್ಷಮೆ ಕೇಳಿ ಪ್ಯಾಚ್ ಕೊಡಬೇಕಾಯಿತು. ಹೊರಗಿನಿಂದ ಬರುವ ಸಂಚಾರದ ಜೊತೆಗೆ ಒಳಗಿನಿಂದ ಹೊರಹೋಗುವುದನ್ನೂ ತಡೆದು ‘ಇದಕ್ಕೆ ಬಿಡಲೇ?’ ಎಂದು ಕೇಳುವ ಝೋನ್‌ಅಲಾರ್ಮ್, ಮ್ಯಾಕ್ ಯಂತ್ರಗಳಲ್ಲಿ ಲಿಟಲ್ ಸ್ನಿಚ್, ಇಂಥ ತಂತ್ರಾಂಶಗಳು ಜನಪ್ರಿಯವಾದದ್ದು ಆ ವರ್ಷಗಳಲ್ಲೇ. 2005ರ ಅಕ್ಟೋಬರ್ ಕೊನೆಯಲ್ಲಿ ತಂತ್ರಾಂಶ ತಜ್ಞ ಮಾರ್ಕ್ ರುಸಿನೊವಿಚ್, ಸೋನಿ ಬಿಎಂಜಿಯ ಸಂಗೀತದ ಸಿ.ಡಿ.ಗಳು ನಕಲು ತಡೆಯುವ ಹೆಸರಲ್ಲಿ ಕಂಪ್ಯೂಟರಿನೊಳಗೆ ಅಡಗುವ ತಂತ್ರಾಂಶ ಸೇರಿಸುತ್ತಿವೆ ಎಂದು ತೋರಿಸಿದರು. ಅವರೂ ಬ್ರೈಸ್ ಕಾಗ್ಸ್‌ವೆಲ್ ಅವರೂ ಸೇರಿ ಬರೆದ ಆಟೋರನ್ಸ್, ಯಂತ್ರ ಏಳುವಾಗ ತಾನಾಗಿ ಶುರುವಾಗುವ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ತೋರಿಸುವ ಸಲಕರಣೆ. ಇಂದಿಗೂ ಅದಕ್ಕೆ ಸಾಟಿಯಿಲ್ಲ ಎಂದು ನನ್ನ ಅನಿಸಿಕೆ.

ಗಂಟು ಮೊದಲು ಬಿದ್ದದ್ದು 2006ರಲ್ಲಿ. ವಿಂಡೋಸ್ ಪ್ರತಿ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವ ‘ಜೆನ್ಯೂಯಿನ್ ಅಡ್ವಾಂಟೇಜ್’ ಸೂಚನೆಯ ಪ್ರೋಗ್ರಾಮನ್ನು ಮೈಕ್ರೋಸಾಫ್ಟ್ ಭದ್ರತೆಯ ಪ್ಯಾಚ್‌ಗಳು ಬರುವ ದಾರಿಯಲ್ಲೇ ಕಳಿಸಿತು. ಅದು ದಿನವೂ ಕಂಪನಿಯ ಸರ್ವರನ್ನು ಸಂಪರ್ಕಿಸುತ್ತಿದೆ ಎಂಬುದು ಆ ಜೂನ್‌ನಲ್ಲಿ ಹೊರಬಿತ್ತು. ಗಲಾಟೆಯಾದ ಮೇಲೆ ಕಂಪನಿ ದಿನನಿತ್ಯದ ಸಂಪರ್ಕವನ್ನು ಕೈಬಿಟ್ಟಿತು. ಪರವಾನಗಿ ಪರೀಕ್ಷಿಸುವ ಹಕ್ಕು ಮಾರಾಟಗಾರನಿಗಿದೆ, ನಿಜ. ಆದರೆ ಅದು ಬಳಸುವವನ ಯಂತ್ರವನ್ನು ಕಾಯುವ ಕೆಲಸವಲ್ಲ, ಮಾರಾಟಗಾರನ ಆದಾಯವನ್ನು ಕಾಯುವ ಕೆಲಸ. ಎರಡನ್ನೂ ಒಂದೇ ದಾರಿಯಲ್ಲಿ ಕಳಿಸಿದ್ದರ ಫಲ ಭಾರತದಂಥ ದೇಶದಲ್ಲಿ ಏನಾಗಬಹುದೋ ಅದೇ ಆಯಿತು. ಆ ವರ್ಷಗಳಲ್ಲಿ ನಮ್ಮಲ್ಲಿದ್ದ ತಂತ್ರಾಂಶದಲ್ಲಿ ಶೇಕಡ 70ರ ಆಸುಪಾಸು ಪರವಾನಗಿ ಇಲ್ಲದ್ದೆಂದು ಉದ್ಯಮದ ಒಕ್ಕೂಟವೇ ಅಂದಾಜು ಮಾಡಿತ್ತು. ಅಸೆಂಬಲ್ ಮಾಡಿದ ಕಂಪ್ಯೂಟರಿಗೆ ವಿಂಡೋಸ್ ಹಾಕಿಕೊಡುವವರು ಮೊದಲು ಮಾಡುತ್ತಿದ್ದ ಕೆಲಸವೇ ಆಟೋಮ್ಯಾಟಿಕ್ ಅಪ್‌ಡೇಟ್ ಆಫ್ ಮಾಡುವುದು. ನಕಲಿ ಪ್ರತಿಗೆ ನೈತಿಕ ಸಮರ್ಥನೆ ಇಲ್ಲ. ಆದರೆ ಆ ಯಂತ್ರಗಳಿಗೂ ಸೋಂಕು ತಗಲುತ್ತದೆ, ಅವುಗಳಿಂದ ಪರವಾನಗಿ ಇರುವ ಯಂತ್ರಗಳಿಗೂ ಹರಡುತ್ತದೆ. ಭದ್ರತೆಯ ದಾರಿಯಲ್ಲಿ ಕಾವಲುಗಾರನನ್ನು ನಿಲ್ಲಿಸಿದ್ದರಿಂದ ಆ ದಾರಿಯನ್ನೇ ಜನ ಮುಚ್ಚಿಕೊಂಡರು.

ಗಂಟು ಬಿಗಿಯಾದದ್ದು 2015ರಲ್ಲಿ. ವಿಂಡೋಸ್ 7 ಮತ್ತು 8.1 ಇದ್ದ ಯಂತ್ರಗಳಿಗೆ ಮಾಮೂಲಿ ಅಪ್‌ಡೇಟ್ ರೂಪದಲ್ಲಿ ‘ಗೆಟ್ ವಿಂಡೋಸ್ 10’ ಎಂಬ ಹಿನ್ನೆಲೆ ಪ್ರೋಗ್ರಾಮು ಬಂತು. ಅದು ದೋಷ ತಿದ್ದುತ್ತಿರಲಿಲ್ಲ. ಹೊಸ ಆವೃತ್ತಿಗೆ ಬನ್ನಿ ಎಂದು ಒತ್ತಾಯಿಸುತ್ತಿತ್ತು. ಬೇಕೆಂದು ಹೇಳದವರ ಯಂತ್ರಕ್ಕೂ 6 ಜಿಬಿಯವರೆಗಿನ ಕಡತಗಳು ಇಳಿಯುತ್ತಿವೆ ಎಂಬುದನ್ನು ಆ ಸೆಪ್ಟೆಂಬರಿನಲ್ಲಿ ಕಂಪನಿ ಒಪ್ಪಿಕೊಂಡಿತು. ಮಧ್ಯ ಆಫ್ರಿಕಾ ಗಣರಾಜ್ಯದ ಚಿಂಕೊ ಕಾಡಿನಲ್ಲಿ ಬೇಟೆಗಾರರ ವಿರುದ್ಧ ಕಾವಲು ಕಾಯುವವರು ಉಪಗ್ರಹದ ದುಬಾರಿ ಸಂಪರ್ಕದಲ್ಲಿ ಈ ಡೌನ್‌ಲೋಡಿನಿಂದ ಪಟ್ಟ ಪಾಡು 2016ರಲ್ಲಿ ಸುದ್ದಿಯಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ, ಸೂಚನೆಯ ಪೆಟ್ಟಿಗೆಯನ್ನು ಮೂಲೆಯ ಕೆಂಪು ಗುರುತು ಒತ್ತಿ ಮುಚ್ಚಿದರೂ ನಿಗದಿಯಾದ ಹೊತ್ತಿಗೆ ಅಪ್‌ಗ್ರೇಡ್ ನಡೆದೇ ಹೋಗುವಂಥ ವ್ಯವಸ್ಥೆ ಬಂತು. ಇಪ್ಪತ್ತು ವರ್ಷ ಬೇಡ ಎಂದು ಹೇಳಲು ಬಳಕೆಯಾದ ಗುರುತು ಒಪ್ಪಿಗೆಯಾಗಿ ಎಣಿಕೆಯಾದದ್ದು ಸಣ್ಣ ಸಂಗತಿಯಲ್ಲ. ಜೂನ್ ಕೊನೆಯಲ್ಲಿ ಕಂಪನಿ ಅದನ್ನು ಬದಲಿಸಿತು. ಈ ನಡುವೆ 2015ರ ಜುಲೈ 29ರಂದು ಬಂದ ವಿಂಡೋಸ್ 10ರಲ್ಲಿ ಬಳಕೆಯ ವರದಿ ಕಳಿಸುವ ಟೆಲಿಮೆಟ್ರಿಯನ್ನು ಮನೆಯ ಬಳಕೆದಾರರು ಕಡಿಮೆ ಮಾಡಬಹುದಿತ್ತು, ಪೂರ್ತಿ ನಿಲ್ಲಿಸುವಂತಿರಲಿಲ್ಲ. ಅತ್ಯಂತ ಕೆಳಗಿನ ಮಟ್ಟ ದೊಡ್ಡ ಸಂಸ್ಥೆಗಳ ಮತ್ತು ಶಿಕ್ಷಣ ಸಂಸ್ಥೆಗಳ ಆವೃತ್ತಿಗೆ ಮಾತ್ರ ಮೀಸಲಾಗಿತ್ತು. ಇದೇ ವರದಿ ವ್ಯವಸ್ಥೆಯನ್ನು ಆಗಸ್ಟ್ ಹೊತ್ತಿಗೆ ಹಳೆಯ ವಿಂಡೋಸ್ 7 ಮತ್ತು 8.1ಕ್ಕೂ ಅಪ್‌ಡೇಟ್ ಮೂಲಕ ಸೇರಿಸಲಾಯಿತು. ಯಾವ ಪ್ಯಾಚ್ ಬೇಕು, ಯಾವುದು ಬೇಡ ಎಂದು ಆರಿಸಿಕೊಳ್ಳುತ್ತಿದ್ದವರ ಕೈಯನ್ನು 2016ರ ಅಕ್ಟೋಬರಿನಲ್ಲಿ ತಿಂಗಳಿಗೊಂದು ಒಟ್ಟು ಕಟ್ಟು ಎಂಬ ಪದ್ಧತಿ ಕಟ್ಟಿಹಾಕಿತು. ಕೇವಲ ಭದ್ರತೆಯದ್ದು ಎಂದು ಪ್ರತ್ಯೇಕವಾಗಿ ಕೊಡುತ್ತಿದ್ದ ಪ್ಯಾಚ್‌ನೊಳಗೂ 2019ರ ಜುಲೈಯಲ್ಲಿ ವರದಿ ಕಳಿಸುವ ಭಾಗ ಸೇರಿಕೊಂಡು ಬಂದಾಗ ಎರಡರ ನಡುವಿನ ಗೆರೆ ಅಳಿಸಿಹೋಗಿತ್ತು.

ಇದರಿಂದ ಜನ ಏನು ಕಲಿತರು? ಅಪ್‌ಡೇಟ್ ಎಂದರೆ ತಮಗೆ ಬೇಡದ್ದನ್ನು ಹೊತ್ತು ತರುವ ವಾಹನ ಎಂದು. ಒಂದೊಂದು ಪ್ರಕ್ರಿಯೆಯನ್ನು ಬಿಡಿಯಾಗಿ ನಿಲ್ಲಿಸಲು ಆಗದವರು ವಿಂಡೋಸ್ ಅಪ್‌ಡೇಟ್ ಸರ್ವಿಸನ್ನೇ ನಿಲ್ಲಿಸಿದರು. 2017ರ ಮೇ 12ರಂದು ವನ್ನಾಕ್ರೈ ಎಂಬ ವರ್ಮ್ ಹೊರಬಿತ್ತು. ಅದರ ದೋಷಕ್ಕೆ ಮಾರ್ಚ್ 14ರಂದೇ ಪ್ಯಾಚ್ ಬಂದಿತ್ತು. ಆದರೂ ನೂರೈವತ್ತು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಬಲಿಯಾದವು, ಅವುಗಳಲ್ಲಿ ಬಹುಪಾಲು ವಿಂಡೋಸ್ 7 ಇದ್ದವು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 19,000 ಭೇಟಿಗಳು ರದ್ದಾದವು ಎಂದು ಅಲ್ಲಿನ ಲೆಕ್ಕಪರಿಶೋಧನಾ ಕಚೇರಿ ಅಂದಾಜು ಮಾಡಿತು. ನಮ್ಮ ನೆರೆಯ ಆಂಧ್ರಪ್ರದೇಶದಲ್ಲಿ ಪೊಲೀಸ್ ಇಲಾಖೆಯ ಕಂಪ್ಯೂಟರುಗಳಿಗೂ ಅದು ತಗುಲಿತು. ಈ ಎಲ್ಲ ಯಂತ್ರಗಳಲ್ಲಿ ಪ್ಯಾಚ್ ಇಲ್ಲದಿರಲು ಟೆಲಿಮೆಟ್ರಿಯ ಮೇಲಿನ ಸಿಟ್ಟೇ ಕಾರಣ ಎಂದರೆ ಅದು ಉತ್ಪ್ರೇಕ್ಷೆ. ಆಸ್ಪತ್ರೆಗಳಲ್ಲಿ ಹಳೆಯ ಸಲಕರಣೆ ಕೈಕೊಟ್ಟೀತೆಂಬ ಭಯ, ಸಿಬ್ಬಂದಿಯ ಕೊರತೆ, ಉದಾಸೀನ ಎಲ್ಲವೂ ಸೇರಿದ್ದವು. ನಾನು ಹೇಳುವುದು ಇಷ್ಟು: 2003ರ ಪೆಟ್ಟಿನಿಂದ ಕಲಿತು, ಅಪ್‌ಡೇಟ್ ಎಂದೊಡನೆ ಕಣ್ಣುಮುಚ್ಚಿ ಒಪ್ಪುವಷ್ಟು ನಂಬಿಕೆಯನ್ನು ಜನರಲ್ಲಿ ಬೆಳೆಸಬೇಕಿದ್ದ ಹನ್ನೆರಡು ವರ್ಷಗಳನ್ನು ಮಾರಾಟದ ಒತ್ತಾಯಕ್ಕೆ ಬಳಸಲಾಯಿತು. ವನ್ನಾಕ್ರೈ ನಂತರ ಕಂಪನಿ ಆ ನಂಬಿಕೆಯನ್ನು ಗೆಲ್ಲುವ ದಾರಿ ಹಿಡಿಯದೆ ಬಲದ ದಾರಿ ಹಿಡಿಯಿತು. 2018ರ ಹೊತ್ತಿಗೆ ವಿಂಡೋಸ್ 10ರಲ್ಲಿ ಮೆಡಿಕ್ ಎಂಬ ಇನ್ನೊಂದು ಸರ್ವಿಸ್ ಸೇರಿತು. ಬಳಸುವವನು ಅಪ್‌ಡೇಟನ್ನು ನಿಲ್ಲಿಸಿದರೆ ಅದನ್ನು ಮತ್ತೆ ಎಬ್ಬಿಸುವುದು ಅದರ ಕೆಲಸ.

ಇಲ್ಲಿ ಎರಡು ಆಕ್ಷೇಪಗಳು ಸಹಜ. ಟೆಲಿಮೆಟ್ರಿಯೂ ಉಪಯುಕ್ತವೇ, ಅದಿಲ್ಲದೆ ಕೋಟ್ಯಂತರ ಬಗೆಯ ಯಂತ್ರಗಳಲ್ಲಿ ದೋಷ ಎಲ್ಲಿದೆ ಎಂದು ತಿಳಿಯುವುದು ಹೇಗೆ ಎಂಬುದು ಮೊದಲನೆಯದು. ಉಪಯುಕ್ತ ಎಂಬುದನ್ನು ಒಪ್ಪುತ್ತೇನೆ. ಎಕ್ಸ್‌ಪಿಯ ವರದಿಗಳೇ ಅದಕ್ಕೆ ಪ್ರಮಾಣ, ಅವು ಕೇಳಿ ಪಡೆದವು ಎಂಬುದೂ ಅಷ್ಟೇ ಪ್ರಮಾಣ. ಡೆಬಿಯನ್ ಲಿನಕ್ಸ್ ಯಾವ ಪ್ಯಾಕೇಜ್ ಎಷ್ಟು ಬಳಕೆಯಲ್ಲಿದೆ ಎಂಬ ಎಣಿಕೆಯನ್ನು ನಡೆಸುವುದು ಸ್ಥಾಪನೆಯ ಹೊತ್ತಿಗೆ ಕೇಳಿಯೇ. ಉತ್ತರ ‘ಬೇಡ’ ಎಂದು ಮೊದಲೇ ಇಟ್ಟಿರುತ್ತದೆ, ಒಪ್ಪುವವನು ಬದಲಿಸಬೇಕು. ಆ ಎಣಿಕೆಯಿಂದ ಅವರ ಕೆಲಸ ಇಂದಿಗೂ ನಡೆಯುತ್ತಿದೆ. ಇನ್ನು ಸಂಗ್ರಹದ ಪ್ರಮಾಣಕ್ಕೆ ಬಂದರೆ, ನೆದರ್ಲೆಂಡ್ಸ್‌ನ ನ್ಯಾಯ ಇಲಾಖೆಗಾಗಿ 2018ರಲ್ಲಿ ನಡೆದ ಪರಿಶೀಲನೆ ಮೈಕ್ರೋಸಾಫ್ಟ್ ಆಫೀಸ್ 23,000ದಿಂದ 25,000 ಬಗೆಯ ಘಟನೆಗಳನ್ನು ವರದಿ ಮಾಡಬಲ್ಲದು ಎಂದು ಕಂಡುಕೊಂಡಿತು. ಇಷ್ಟೂ ದೋಷ ತಿದ್ದಲು ಬೇಕೇ ಬೇಕಿದ್ದರೆ, ಡಚ್ ಸರ್ಕಾರ ಒತ್ತಿ ಕೇಳಿದ ಮೇಲೆ 2019ರಲ್ಲಿ ಸಂಸ್ಥೆಗಳಿಗೆ ಅದನ್ನು ತೀರ ಕಡಿಮೆ ಮಾಡುವ ಆಯ್ಕೆ ಹೇಗೆ ಬಂತು? ನಿಲ್ಲಿಸುವ ಗುಂಡಿಯನ್ನು ಇಡಲು ಆಗದೆ ಇಡದಿದ್ದದ್ದಲ್ಲ. ಕೇಳುವ ಶಕ್ತಿಯಿದ್ದವರಿಗೆ ಅದು ಸಿಕ್ಕಿತು, ಉಳಿದವರಿಗೆ ಸಿಗಲಿಲ್ಲ.

ಸಾಮಾನ್ಯರಿಗೆ ಯಾವುದನ್ನು ನಿಲ್ಲಿಸಬೇಕೆಂದು ತಿಳಿಯದು, ಕೈ ಹಾಕಿದರೆ ಯಂತ್ರವನ್ನೇ ಕೆಡಿಸಿಕೊಳ್ಳುತ್ತಾರೆ ಎಂಬುದು ಎರಡನೆಯ ಆಕ್ಷೇಪ. ಹೀಗೆ ಕೆಡಿಸಿಕೊಂಡವರಿದ್ದಾರೆ, ಯಾರೋ ಕೊಟ್ಟ ಪಟ್ಟಿ ಹಿಡಿದು ಅವಲಂಬನೆ ನೋಡದೆ ಸರ್ವಿಸ್‌ಗಳನ್ನು ನಿಲ್ಲಿಸಿ ಪ್ರಿಂಟರೂ ವೈ-ಫೈಯೂ ಕೆಲಸ ಮಾಡದಂತಾಗುವುದು ಮಾಮೂಲು. ಆದರೆ ಮೊಬೈಲಿನ ಚರಿತ್ರೆ ಈ ಆಕ್ಷೇಪಕ್ಕೆ ಉತ್ತರ ಕೊಡುತ್ತದೆ. 2008ರಲ್ಲಿ ಐಫೋನಿಗೆ ಹೊರಗಿನ ಆ್ಯಪ್‌ಗಳನ್ನು ಬಿಡುವಾಗ ಹಿನ್ನೆಲೆಯಲ್ಲಿ ಓಡುವ ಅವಕಾಶವನ್ನೇ ಆಪಲ್ ಕೊಡಲಿಲ್ಲ, ಬ್ಯಾಟರಿ ಮುಗಿಯುತ್ತದೆ ಎಂಬ ಕಾರಣಕ್ಕೆ. 2010ರಲ್ಲಿ ಸೀಮಿತವಾಗಿ ಕೊಟ್ಟಿತು. 2013ರಲ್ಲಿ ಹಿನ್ನೆಲೆಯಲ್ಲಿ ಮಾಹಿತಿ ತರಿಸಿಕೊಳ್ಳಲು ಬಿಟ್ಟಾಗ ಪ್ರತಿ ಆ್ಯಪ್‌ಗೂ ಒಂದೊಂದು ಗುಂಡಿ ಇಟ್ಟಿತು. ಆಂಡ್ರಾಯ್ಡ್ 2015ರಲ್ಲಿ ಫೋನು ಸುಮ್ಮನಿರುವಾಗ ಆ್ಯಪ್‌ಗಳನ್ನು ಮಲಗಿಸುವ ವ್ಯವಸ್ಥೆ ತಂದಿತು, 2016ರಲ್ಲಿ ಡೇಟಾ ಸೇವರ್ ಕೊಟ್ಟಿತು. ಸರ್ವಿಸ್ ಎಂದರೇನೆಂದು ಕೇಳಿಯೂ ಇರದ ಕೋಟಿಗಟ್ಟಲೆ ಜನ ಇವನ್ನು ಬಳಸುತ್ತಿದ್ದಾರೆ, ಯಾರ ಫೋನೂ ಅದರಿಂದ ಕೆಟ್ಟಿಲ್ಲ. ಜನರ ಅಜ್ಞಾನ ಗುಂಡಿ ಇಡದಿರುವುದಕ್ಕೆ ಕಾರಣವಲ್ಲ. ಚೆನ್ನಾಗಿ ವಿನ್ಯಾಸಗೊಂಡ ಗುಂಡಿ ಇಲ್ಲದಿರುವುದೇ ಜನ ಕಂಡಕಂಡದ್ದನ್ನು ಕೀಳಲು ಕಾರಣ.

ಈ ಕಥೆಯಲ್ಲಿ ಮೈಕ್ರೋಸಾಫ್ಟ್ ಒಂದೇ ಇಲ್ಲ. ಹೊರಗೆ ತೆರೆದ ಒಂದು ಸರ್ವಿಸೂ ಇಲ್ಲದಂತೆ ಸ್ಥಾಪನೆಯಾಗುತ್ತದೆ ಎಂಬ ಕೀರ್ತಿಯ ಉಬುಂಟು ಲಿನಕ್ಸ್ 2012ರ ಅಕ್ಟೋಬರಿನಲ್ಲಿ, ಬಳಸುವವರು ತಮ್ಮದೇ ಕಂಪ್ಯೂಟರಿನಲ್ಲಿ ಹುಡುಕಿದ ಪದಗಳನ್ನು ತನ್ನ ಸರ್ವರ್‌ಗೆ ಕಳಿಸಿ ಅಮೆಜಾನಿನ ಸರಕು ತೋರಿಸತೊಡಗಿತು. 2016ರಲ್ಲಿ ಅದನ್ನು ಆಫ್ ಆಗಿಯೇ ಕೊಟ್ಟಿತು. ಆಪಲ್‌ನ ಪ್ರಕರಣ ನನ್ನ ವಾದಕ್ಕೆ ಇನ್ನೂ ಹತ್ತಿರದ್ದು. 2020ರ ನವೆಂಬರ್ 12ರಂದು ಜಗತ್ತಿನಾದ್ಯಂತ ಮ್ಯಾಕ್ ಕಂಪ್ಯೂಟರುಗಳಲ್ಲಿ ಪ್ರೋಗ್ರಾಮುಗಳು ತೆರೆಯದೆ ತಡವರಿಸಿದವು. ತಯಾರಕರ ಪ್ರಮಾಣಪತ್ರ ರದ್ದಾಗಿದೆಯೇ ಎಂದು ಆಪಲ್ ಸರ್ವರನ್ನು ವಿಚಾರಿಸುವ ಹಿನ್ನೆಲೆ ಪ್ರಕ್ರಿಯೆಯೊಂದಿದೆ. ಅಂದು ಆ ಸರ್ವರ್ ನಿಧಾನವಾಗಿತ್ತು. ಹೀಗೊಂದು ವಿಚಾರಣೆ ನಡೆಯುತ್ತದೆ ಎಂಬುದು ಬಹುಪಾಲು ಜನರಿಗೆ ತಿಳಿದದ್ದೇ ಅಂದು. ವಿಚಾರಣೆ ಭದ್ರತೆಗಾಗಿಯೇ, ಅದು ಬೇಕು ಕೂಡ. ಆದರೆ ಅದು ಗೂಢಲಿಪಿಯಿಲ್ಲದೆ ಹೋಗುತ್ತಿತ್ತು. ಅದೇ ದಿನ ಬಿಡುಗಡೆಯಾದ ಮ್ಯಾಕ್ ವ್ಯವಸ್ಥೆಯ ಹೊಸ ಆವೃತ್ತಿಯಲ್ಲಿ ಆಪಲ್‌ನ ಸುಮಾರು ಐವತ್ತು ಪ್ರೋಗ್ರಾಮುಗಳ ಸಂಚಾರ ಲಿಟಲ್ ಸ್ನಿಚ್‌ನಂಥ ಕಾವಲು ತಂತ್ರಾಂಶಗಳಿಗೆ ಕಾಣದಂತೆ ಏರ್ಪಾಡಾಗಿತ್ತು. ಟೀಕೆ ಬಂದ ಮೇಲೆ 2021ರ ಆರಂಭದಲ್ಲಿ ಆಪಲ್ ಆ ವಿನಾಯಿತಿ ತೆಗೆಯಿತು. ಟೀಕಿಸಿದವರು ಮುಖ್ಯವಾಗಿ ತಮ್ಮ ಯಂತ್ರದಿಂದ ಹೊರಹೋಗುವುದನ್ನು ಗಮನಿಸುವ ಅಭ್ಯಾಸವಿದ್ದವರು, ಗೀಳಿನವರು ಎನಿಸಿಕೊಂಡವರು.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಭಾರತದಲ್ಲಿ ಡೇಟಾ ಅಗ್ಗವಾಯಿತು, ಇನ್ನೇಕೆ ಈ ಚಿಂತೆ ಎನ್ನುವವರೂ ಇದ್ದಾರೆ. 400 ಎಂಬಿಯನ್ನು ಒಂದು ತಿಂಗಳಿಗೆ ಎಳೆಯುತ್ತಿದ್ದ ದೇಶ ದಿನಕ್ಕೆ ಒಂದು ಜಿಬಿಗೆ ಬಂದಾಗ ದುಡ್ಡಿನ ಬೇರು ಸಡಿಲವಾದದ್ದು ನಿಜ. ಆದರೆ ಹೊರಹೋಗುವುದರ ಬೆಲೆ ಎಂಬಿಯಲ್ಲಿ ಮಾತ್ರ ಇರುವುದಿಲ್ಲ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಡಗ್ಲಾಸ್ ಲೀತ್ 2021ರಲ್ಲಿ ಅಳೆದು ನೋಡಿದಾಗ, ಐಫೋನ್ ಆಗಲಿ ಆಂಡ್ರಾಯ್ಡ್ ಆಗಲಿ ಸುಮ್ಮನೆ ಇಟ್ಟಾಗಲೂ ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ತಯಾರಕರಿಗೆ ಮಾಹಿತಿ ಕಳಿಸುತ್ತಿತ್ತು. ಎಂಬಿಯ ಲೆಕ್ಕವೂ ಮುಗಿದಿಲ್ಲ: ಸುಮ್ಮನಿದ್ದ ಆಂಡ್ರಾಯ್ಡ್ ಫೋನುಗಳಿಂದ ಬಳಕೆದಾರರ ಮೊಬೈಲ್ ಡೇಟಾ ಖರ್ಚು ಮಾಡಿದ್ದಕ್ಕೆ ಕ್ಯಾಲಿಫೋರ್ನಿಯಾದ ಜ್ಯೂರಿ 2025ರ ಜುಲೈಯಲ್ಲಿ ಗೂಗಲ್ 31.46 ಕೋಟಿ ಡಾಲರ್ ಕೊಡಬೇಕೆಂದಿತು. ಗೂಗಲ್ ಮೇಲ್ಮನವಿ ಸಲ್ಲಿಸುವುದಾಗಿ ಹೇಳಿತು. ನಮ್ಮಲ್ಲಿ ಈ ಪ್ರಶ್ನೆಗೆ ನೆಲೆ ಒದಗಿಸಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿಷಯದಲ್ಲಿ ಅವರು ಹೂಡಿದ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿದ್ದು. ಅದರ ಬೆನ್ನಿಗೆ ಬಂದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಸ್ವತಂತ್ರವೂ ನಿರ್ದಿಷ್ಟವೂ ಷರತ್ತಿಲ್ಲದ್ದೂ ಆಗಿರಬೇಕು ಎನ್ನುತ್ತದೆ.

ಷರತ್ತಿಲ್ಲದ ಒಪ್ಪಿಗೆ ಎಂಬುದು ಎಷ್ಟು ದೂರದ ಮಾತು ಎಂಬುದು ವಿಂಡೋಸ್ 10ರ ಕೊನೆಯ ಅಧ್ಯಾಯದಲ್ಲಿ ಕಾಣಿಸುತ್ತದೆ. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಬೆಂಬಲ ನಿಂತಿತು. ಹೊಸ ಆವೃತ್ತಿ ಹಾಕಲಾಗದ ಹಳೆಯ ಯಂತ್ರಗಳಿಗೆ ಇನ್ನೊಂದು ವರ್ಷ ಭದ್ರತೆಯ ಪ್ಯಾಚ್ ಕೊಡಲು ಮೈಕ್ರೋಸಾಫ್ಟ್ ಒಪ್ಪಿತು. ಅದಕ್ಕೆ 30 ಡಾಲರ್ ಕೊಡಬೇಕಿತ್ತು, ಇಲ್ಲವೇ ಕಂಪನಿಯ ಬಹುಮಾನದ ಅಂಕಗಳನ್ನು ಖರ್ಚು ಮಾಡಬೇಕಿತ್ತು, ಅದೂ ಇಲ್ಲವಾದರೆ ಕಂಪ್ಯೂಟರಿನ ಸೆಟ್ಟಿಂಗುಗಳನ್ನು ಕಂಪನಿಯ ಕ್ಲೌಡಿಗೆ ಸದಾ ಹೊಂದಿಸಿಡುವ ಬ್ಯಾಕಪ್ ಪ್ರಕ್ರಿಯೆಯನ್ನು ಆನ್ ಮಾಡಬೇಕಿತ್ತು. ದುಡ್ಡು ಕೊಡದೆ ಭದ್ರತೆ ಬೇಕಾದರೆ ಇನ್ನೊಂದು ಹಿನ್ನೆಲೆ ಸಂಚಾರವನ್ನು ಒಪ್ಪಿಕೊಳ್ಳಿ ಎಂದಾಯಿತು. 2006ರಲ್ಲಿ ಸದ್ದಿಲ್ಲದೆ ಬಿದ್ದ ಗಂಟು ಹತ್ತೊಂಬತ್ತು ವರ್ಷಗಳ ಮೇಲೆ ಬರವಣಿಗೆಯಲ್ಲೇ ಬಂತು. ಯುರೋಪಿನ ಬಳಕೆದಾರರ ಒಕ್ಕೂಟ ಇದನ್ನು ಪ್ರಶ್ನಿಸಿತು, ಬೆಂಬಲ ನಿಲ್ಲುವ ಮೊದಲೇ, 2025ರ ಸೆಪ್ಟೆಂಬರಿನಲ್ಲಿ, ಅಲ್ಲಿನವರಿಗೆ ಮೈಕ್ರೋಸಾಫ್ಟ್ ಬ್ಯಾಕಪ್ ಷರತ್ತನ್ನು ತೆಗೆದು, ಖಾತೆಯೊಂದರ ಲಾಗಿನ್ ಮಾತ್ರ ಉಳಿಸಿತು. ಬರ್ಲಿನ್ನಿನ ಮನೆಗೂ ಬೆಳಗಾವಿಯ ಮನೆಗೂ ಬರುವ ಪ್ಯಾಚ್ ಒಂದೇ, ಅದು ತಿದ್ದುವ ದೋಷವೂ ಒಂದೇ. ಭಾರತದಲ್ಲಿ ಯಾವ ಬಳಕೆದಾರರ ಸಂಘಟನೆಯಾದರೂ ಯಾವ ಸರ್ಕಾರಿ ಇಲಾಖೆಯಾದರೂ ಅದೇ ಬೇಡಿಕೆ ಇಡಬಹುದು. ಅದಕ್ಕೆ ಬೇಕಾದ ಕಾನೂನಿನ ಪದಗಳು 2023ರ ಕಾಯ್ದೆಯಲ್ಲಿ ಅಚ್ಚಾಗಿವೆ.